ಕಾಲೇಜು ಕಬಡ್ಡಿ ತಂಡದ ಸಾರ್ವಕಾಲಿಕ ರೈಡರ್‌ಗಳ ಪಟ್ಟಿ ಮಾಡುವ ಕ್ರಮ

ಕಾಲೇಜಿಗೆ ಐವತ್ತೋ ಎಪ್ಪತ್ತೈದೋ ತುಂಬುವ ವರ್ಷ ಬಂತೆಂದರೆ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ನಮ್ಮ ಕಬಡ್ಡಿ ತಂಡದಲ್ಲಿ ಇದುವರೆಗೆ ಬಂದವರಲ್ಲಿ ದೊಡ್ಡ ರೈಡರ್ (ಎದುರಾಳಿ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವ) ಯಾರು? ಮಂಗಳೂರು, ಉಡುಪಿ ಕಡೆ ಇದಕ್ಕೆ ಉತ್ತರ ಗೊತ್ತಿಲ್ಲದವರು ಯಾರೂ ಇಲ್ಲ, ತೊಂದರೆ ಶುರುವಾಗುವುದೇ ಅಲ್ಲಿ. ಈಚಿನ ಬ್ಯಾಚಿನವರ ಹತ್ತಿರ ವೀಡಿಯೊ ಇದೆ, ಗುಂಪಿನಲ್ಲಿ ಅವರ ಸಂಖ್ಯೆಯೂ ಜಾಸ್ತಿ. 1985ರವರ ಹತ್ತಿರ ಇರುವುದು ನೆನಪು ಮತ್ತು ಒಂದು ಕಪ್ಪುಬಿಳುಪು ಫೋಟೊ. ನೇರ ಓಟಿಗೆ ಬಿಟ್ಟರೆ ಯಾವ ಬ್ಯಾಚಿನ ಗುಂಪು ದೊಡ್ಡದೋ ಅದರ ಹುಡುಗ ಗೆಲ್ಲುತ್ತಾನೆ. ಹಾಗಾಗಿ ಹೆಸರು ಎತ್ತುವ ಮೊದಲು ನಿಯಮ ಬರೆದು, ನಾಲ್ಕೈದು ಜನರ ಸಮಿತಿ ಅದಕ್ಕೆ ಸಹಿ ಹಾಕಿಬಿಡಬೇಕು. ಹೆಸರು ಬಂದ ಮೇಲೆ ಬರೆದ ನಿಯಮವನ್ನು ಯಾರೂ ನಂಬುವುದಿಲ್ಲ.

ಮೊದಲು ಗಡಿ ಹಾಕಿ

ನಮ್ಮ ಕಡೆ ಅನೇಕ ಕ್ಯಾಂಪಸ್‌ಗಳಲ್ಲಿ ಪಿಯುಸಿ, ಪದವಿ ಎರಡೂ ಒಂದೇ ಗೇಟಿನೊಳಗೆ ಇರುತ್ತವೆ. ಪಿಯುಸಿ ಸೇರಿದ ಹುಡುಗ ಡಿಗ್ರಿಯನ್ನೂ ಅಲ್ಲೇ ಮುಗಿಸಿದರೆ 5 ವರ್ಷ ಆಡಿದ ಹಾಗೆ ಕಾಣುತ್ತದೆ, ಹೊರಗಿನಿಂದ ಡಿಗ್ರಿಗೆ ಬಂದವನಿಗೆ 3 ವರ್ಷ ಮಾತ್ರ. ಆದರೆ ಪಿಯುಸಿ ಕೂಟ ಪದವಿಪೂರ್ವ ಶಿಕ್ಷಣ ಇಲಾಖೆಯದ್ದು, ಡಿಗ್ರಿಯ ಅಂತರ ಕಾಲೇಜು ಕೂಟ ವಿಶ್ವವಿದ್ಯಾನಿಲಯದ್ದು. ಪದವಿ ಮತ್ತು ಸ್ನಾತಕೋತ್ತರ ವರ್ಷಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಪಿಯುಸಿ ಸಾಧನೆ ಪರಿಚಯದ ಸಾಲಿನಲ್ಲಿ ಬಂದರೆ ಸಾಕು.

ಎರಡನೆಯದು ಕೂಟದ ಗಾತ್ರ. ಮಂಗಳೂರು ವಿಶ್ವವಿದ್ಯಾನಿಲಯ ಆದದ್ದು 1980ರಲ್ಲಿ. ಅದಕ್ಕೆ ಮುಂಚೆ ಇಲ್ಲಿನ ಕಾಲೇಜುಗಳು ಮೈಸೂರು ವಿ.ವಿ.ಗೆ ಸೇರಿದ್ದವು, ಅಂದರೆ ಆಗಿನ ಹುಡುಗರು ಘಟ್ಟದ ಮೇಲಿನ ಕಾಲೇಜುಗಳನ್ನೂ ಎದುರಿಸಿ ಬರಬೇಕಿತ್ತು. ಇಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ.) ಶುರುವಾದ ಮೇಲೆ ಆ ಕಡೆ ಹೋದವು, ವೈದ್ಯಕೀಯ ಕಾಲೇಜುಗಳು ಅದಕ್ಕೂ ಮುಂಚೆ 1996ರಲ್ಲಿ ರಾಜೀವ್ ಗಾಂಧಿ ವಿ.ವಿ.ಗೆ. ಕೊಡಗಿನ ಕಾಲೇಜುಗಳು 2023ರಲ್ಲಿ ಬೇರೆ ವಿ.ವಿ.ಗೆ ಹೋದವು. ಹೀಗಿರುವಾಗ "ಅಂತರ ಕಾಲೇಜು ಚಾಂಪಿಯನ್" ಎಂಬ ಒಂದೇ ಸಾಲು ಒಂದೊಂದು ಕಾಲದಲ್ಲಿ ಒಂದೊಂದು ತೂಕದ್ದು. ಪ್ರತಿ ಸಾಲಿನ ಮುಂದೆ ಯಾವ ವಿ.ವಿ., ಎಷ್ಟು ತಂಡ ಭಾಗವಹಿಸಿದ್ದವು ಎಂದು ಬರೆದುಕೊಳ್ಳಿ.

ಮೂರನೆಯದು ಊರಿನ ಹೊನಲು ಬೆಳಕಿನ ಪಂದ್ಯಾಟಗಳು. ಅರ್ಧ ವಾದ ಹುಟ್ಟುವುದು ಇಲ್ಲೇ. "ಆ ದಿನ ಆತ ಒಂದೇ ರೈಡಿನಲ್ಲಿ 4 ಜನರನ್ನು ಎತ್ತಿದ್ದ ಮಾರಾಯ್ರೆ" ಎಂದು ಹೇಳುವವರು ನೋಡಿದ್ದು ಹೆಚ್ಚಿನ ಸಲ ಯುವಕ ಮಂಡಲದ ಕೂಟದಲ್ಲಿ, ಆತ ಹಾಕಿದ್ದು ಬೇರೆ ತಂಡದ ಜೆರ್ಸಿ. 60 ಕೆಜಿ ವಿಭಾಗ, 65 ಕೆಜಿ ವಿಭಾಗ ಎಂದು ನಡೆಯುವ ಪಂದ್ಯಾಟಗಳ ಎದುರಾಳಿಗಳು ಕೂಡ ಬೇರೆ ಮಟ್ಟದವರು. ಕಾಲೇಜಿನ ಹೆಸರಿನಲ್ಲಿ ಆಡಿದ ಪಂದ್ಯ ಮಾತ್ರ ಲೆಕ್ಕಕ್ಕೆ. ವಿ.ವಿ. ತಂಡಕ್ಕೆ ಆಯ್ಕೆಯಾಗಿ ದಕ್ಷಿಣ ವಲಯದಲ್ಲಿ, ಅಖಿಲ ಭಾರತ ಅಂತರ ವಿ.ವಿ. ಕೂಟದಲ್ಲಿ ಆಡಿದ್ದಕ್ಕೆ ಬೇರೆ ಕಾಲಂ ಇರಲಿ, ಕಾಲೇಜಿನ ಅಂಕಕ್ಕೆ ಕೂಡಿಸಬೇಡಿ.

ಕಾಲೇಜು ಬಿಟ್ಟ ಮೇಲಿನ ಹೆಸರೂ ಕಣ್ಣು ಕಟ್ಟುತ್ತದೆ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿಯವರು 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು. ಅಂಥ ಮಟ್ಟಕ್ಕೆ ಹೋದವರು ನಿಮ್ಮ ಪಟ್ಟಿಯಲ್ಲಿದ್ದರೆ ಅದೆಲ್ಲ ಪರಿಚಯದಲ್ಲಿ ದೊಡ್ಡದಾಗಿ ಬರಲಿ. ಅಂಕ ಕೊಡುವಾಗ ಕಾಲೇಜಿನ ವರ್ಷಗಳಲ್ಲಿ ಏನಾಯಿತು ಎಂಬುದಷ್ಟೇ ನೋಡಬೇಕು. ಇಲ್ಲವಾದರೆ 3 ವರ್ಷ ಕಾಲೇಜನ್ನು ಹೊತ್ತು ಆಡಿ, ಬಳಿಕ ಬ್ಯಾಂಕ್ ಕೆಲಸಕ್ಕೆ ಸೇರಿ ಆಟ ಬಿಟ್ಟವನು ಮೂಲೆಗೆ ಹೋಗುತ್ತಾನೆ.

ಹುಡುಗರ ಪಟ್ಟಿ ಬೇರೆ, ಹುಡುಗಿಯರ ಪಟ್ಟಿ ಬೇರೆ. ಪುರುಷರ ಅಂಕಣ 13 ಮೀಟರ್ ಉದ್ದ 10 ಮೀಟರ್ ಅಗಲ, ಮಹಿಳೆಯರದ್ದು 12 ಮತ್ತು 8. ಪಂದ್ಯದ ಅವಧಿ ಪುರುಷರಿಗೆ 20 ನಿಮಿಷದ ಎರಡು ಅವಧಿ, ಮಹಿಳೆಯರಿಗೆ 15 ನಿಮಿಷದ ಎರಡು. ಒಟ್ಟು ಅಂಕಗಳನ್ನು ಅಕ್ಕಪಕ್ಕ ಇಟ್ಟು ನೋಡುವುದಕ್ಕೆ ಅರ್ಥವಿಲ್ಲ.

ಕೊನೆಗೆ ಕನಿಷ್ಠ ಅರ್ಹತೆ: 2 ಸೀಸನ್ ಅಥವಾ ದಾಖಲೆ ಇರುವ 10 ಪಂದ್ಯ. ಒಂದೇ ಕೂಟದಲ್ಲಿ ಮಿಂಚಿ ಮಾಯವಾದವರನ್ನು ಹೆಸರಿಸಲೇಬೇಕು ಅನ್ನಿಸಿದರೆ "ಮರೆಯಲಾಗದ ಪಂದ್ಯ" ಎಂದು ಬೇರೆ ಪುಟ ಮಾಡಿ.

ದಾಖಲೆ ಎಲ್ಲಿ ಸಿಗುತ್ತದೆ

ದೈಹಿಕ ಶಿಕ್ಷಣ ವಿಭಾಗದ ರಿಜಿಸ್ಟರ್‌ನಿಂದ ಶುರು ಮಾಡಿ. ಅಂತರ ಕಾಲೇಜು ಕೂಟಕ್ಕೆ ಕಳಿಸಿದ ಆಟಗಾರರ ಅರ್ಹತಾ ಪಟ್ಟಿಯ ಪ್ರತಿ ಅಲ್ಲಿ ಫೈಲ್ ಆಗಿರುತ್ತದೆ. ಹೆಸರು, ತಂದೆಯ ಹೆಸರು, ತರಗತಿ, ಹುಟ್ಟಿದ ದಿನ ಎಲ್ಲ ಅದರಲ್ಲಿ. ಪ್ರಾಂಶುಪಾಲರ ಅನುಮತಿ ಪತ್ರ ಮೊದಲೇ ತೆಗೆದುಕೊಳ್ಳಿ. ಖಾಸಗಿ ವಿವರ ಇರುವುದರಿಂದ ಇಡೀ ಪುಟದ ಫೋಟೊ ಗುಂಪಿಗೆ ಹಾಕುವ ಹಾಗಿಲ್ಲ.

ನಂತರ ಕಾಲೇಜಿನ ವಾರ್ಷಿಕ ಸಂಚಿಕೆ. ಇದರಲ್ಲಿ ಒಂದು ಸಣ್ಣ ಗುಂಡಿ ಇದೆ: 1993ರ ಸಂಚಿಕೆಯಲ್ಲಿ ಬರುವುದು 1992-93ರ ವರದಿ, ಅದರ ಪಂದ್ಯಗಳು ಹೆಚ್ಚಾಗಿ 1992ರ ಕೊನೆಯ ತಿಂಗಳುಗಳಲ್ಲಿ ಆದದ್ದು. ಸಂಚಿಕೆಯ ವರ್ಷ ಹಿಡಿದು ಪತ್ರಿಕೆ ಹುಡುಕಿದರೆ ಏನೂ ಸಿಗುವುದಿಲ್ಲ. ಪತ್ರಿಕೆಗಳಲ್ಲಿ ಮಣಿಪಾಲದಿಂದ 1970ರಲ್ಲಿ ಶುರುವಾದ ಉದಯವಾಣಿಯ ಜಿಲ್ಲಾ ಪುಟಗಳು ಮೊದಲ ಆಸರೆ, 1980ರ ದಶಕಕ್ಕೆ ಮುಂಗಾರು ಪತ್ರಿಕೆ ಕೂಡ ನೋಡಬೇಕು. ಪತ್ರಿಕಾ ವರದಿಯಲ್ಲಿ ಸಾಮಾನ್ಯವಾಗಿ ಸಿಗುವುದು ಅಂತಿಮ ಅಂಕ, ಗೆದ್ದ ಅಂತರ, "ಉತ್ತಮ ದಾಳಿಗಾರ", "ಉತ್ತಮ ಹಿಡಿತಗಾರ", "ಸವ್ಯಸಾಚಿ ಆಟಗಾರ" (ದಾಳಿ, ಹಿಡಿತ ಎರಡೂ ಬಲ್ಲವ) ಪ್ರಶಸ್ತಿಯ ಹೆಸರು. ಆ ಪ್ರಶಸ್ತಿಗಳನ್ನು ತೂಕಕ್ಕೆ ಹಾಕುವಾಗ ಕೈ ಹಿಡಿತವಿರಲಿ. ಫೈನಲ್‌ಗೆ ಬಂದ ಎರಡು ತಂಡಗಳ ನಡುವೆ ಹಂಚಿಬಿಡುವ ರೂಢಿ ಇರುವುದರಿಂದ, ಸೆಮಿಫೈನಲ್‌ನಲ್ಲಿ ಸೋತ ತಂಡದ ಒಳ್ಳೆಯ ರೈಡರ್‌ಗೆ ಅದು ಸಿಗುವುದೇ ಅಪರೂಪ.

ಹೆಸರಿನ ಗೊಂದಲ ಅತಿ ಹೆಚ್ಚು ಸಮಯ ತಿನ್ನುತ್ತದೆ. ಒಂದೇ ದಶಕದಲ್ಲಿ ಇಬ್ಬರು ಪ್ರಶಾಂತ್ ಶೆಟ್ಟಿ, ಮೂವರು ಸಂತೋಷ್ ಪೂಜಾರಿ ಬಂದಿರಬಹುದು. ಒಂದು ವರದಿಯಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಊರ ಹೆಸರು. ಜೆರ್ಸಿ ನಂಬರ್ ಹಿಡಿದು ಗುರುತಿಸಲು ಹೋಗಬೇಡಿ. ಕಾಲೇಜು ತಂಡಗಳಲ್ಲಿ ನಂಬರ್ ಸಿಗುವುದು ಅಂಗಿಯ ಸೈಜಿನ ಮೇಲೆ, ಈ ವರ್ಷ 7 ಹಾಕಿದವನು ಮುಂದಿನ ವರ್ಷ 4 ಹಾಕುತ್ತಾನೆ. ಹೆಸರು, ಊರು, ಪದವಿ ಸೇರಿದ ವರ್ಷ ಈ ಮೂರು ಕೂಡಿದರೆ ಒಬ್ಬ ಆಟಗಾರ ಎಂದು ಶೀಟಿನಲ್ಲಿ ಒಂದು ಸಾಲು ಮಾಡಿ.

ಮಳೆಗಾಲದ ತೇವಕ್ಕೆ ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಲು ಹೋಗಬೇಡಿ, ಶಾಯಿ ಎದುರಿನ ಪುಟಕ್ಕೆ ಹೋಗುತ್ತದೆ. ಫ್ಯಾನ್ ಗಾಳಿಗೆ ಒಂದೆರಡು ದಿನ ಬಿಟ್ಟು ಬಳಿಕ ನಿಧಾನಕ್ಕೆ ತೆರೆಯಿರಿ. ಮಸುಕಾದ ಕಾರ್ಬನ್ ಪ್ರತಿಗೆ ಮೇಲಿನಿಂದ ಫ್ಲಾಶ್ ಹೊಡೆದರೆ ಅಕ್ಷರ ಮಾಯ. ಕಿಟಕಿ ಪಕ್ಕ, ಬೆಳಕು ಓರೆಯಾಗಿ ಬೀಳುವ ಹಾಗೆ ಇಟ್ಟು ಫೋಟೊ ತೆಗೆಯಿರಿ. ಪೆನ್ನು ಒತ್ತಿದ ಗೆರೆ ನೆರಳಿನಲ್ಲಿ ಎದ್ದು ಕಾಣುತ್ತದೆ.

ಅಂಕ ಎಣಿಸುವುದು

ಕ್ವಾರ್ಟರ್ ಫೈನಲ್‌ನಿಂದ ಮೇಲಿನ ಪಂದ್ಯಗಳನ್ನು ಮಾತ್ರ ಎಣಿಸಿ. ಮೊದಲ ಸುತ್ತಿನಲ್ಲಿ ಏಳು ಜನ ಸೇರಿಸಿಕೊಂಡು ಬಂದ ತಂಡದ ಮೇಲೆ 20 ಅಂಕ ತಂದದ್ದು ಏನನ್ನೂ ಹೇಳುವುದಿಲ್ಲ.

ರೈಡ್ ಅಂಕ ಎಂದರೆ ಟಚ್ ಅಂಕ ಮತ್ತು ಬೋನಸ್ ಅಂಕ. ಎದುರಾಳಿ ತಂಡ ಪೂರ್ತಿ ಔಟಾದಾಗ ಸಿಗುವ ಲೋನಾದ 2 ಅಂಕ ತಂಡದ್ದು, ಕೊನೆಯ ಆಟಗಾರನನ್ನು ಮುಟ್ಟಿದ ರೈಡರ್‌ನ ಹೆಸರಿಗೆ ಅದನ್ನು ಬರೆಯಬಾರದು. ಹಳೆಯ ಶೀಟ್ ಓದುವವರು ಮೊದಲು ತಪ್ಪುವುದು ಇಲ್ಲೇ. ಎದುರಾಳಿ ಗೆರೆ ತುಳಿದು ತಾನಾಗಿ ಔಟಾದ ಅಂಕ ರೈಡರ್‌ಗೋ ತಂಡಕ್ಕೋ ಎಂಬುದನ್ನು ಒಂದು ಸಲ ತೀರ್ಮಾನಿಸಿ, ಎಲ್ಲ ಕಾಲದ ಪಂದ್ಯಗಳಿಗೂ ಅದನ್ನೇ ಹಾಕಿ.

ಟಚ್ ಮತ್ತು ಬೋನಸನ್ನು ಬೇರೆ ಬೇರೆ ಕಾಲಂನಲ್ಲಿ ಇಡಿ. ಎದುರು 6 ಅಥವಾ 7 ಜನ ಇದ್ದಾಗ ಮಾತ್ರ ಬೋನಸ್ ಸಿಗುತ್ತದೆ, ಒಂದು ಕಾಲು ಬೋನಸ್ ಗೆರೆ ದಾಟಿ ನೆಲಕ್ಕೆ ತಾಗುವಾಗ ಇನ್ನೊಂದು ಕಾಲು ಗಾಳಿಯಲ್ಲಿರಬೇಕು. ಅಂಕ ಬರುತ್ತದೆ ನಿಜ, ಆದರೆ ಬೋನಸ್‌ನಿಂದ ಹೊರಗೆ ಕುಳಿತ ಸಂಗಾತಿ ಒಳಗೆ ಬರುವುದಿಲ್ಲ. ಟಚ್ ಅಂಕಕ್ಕೆ ಒಬ್ಬ ಒಳಗೆ ಬರುತ್ತಾನೆ, ಎದುರಾಳಿ ಒಬ್ಬ ಹೊರಗೆ ಹೋಗುತ್ತಾನೆ. 8 ಅಂಕದಲ್ಲಿ 6 ಬೋನಸ್ ಇರುವವನೂ 6 ಟಚ್ ಇರುವವನೂ ಶೀಟಿನಲ್ಲಿ ಸಮ, ಅಂಕಣದಲ್ಲಿ ಸಮ ಅಲ್ಲ. ಸರಿಸಮ ಬಂದಾಗ ಟಚ್ ಜಾಸ್ತಿ ಇದ್ದವನನ್ನು ಮೇಲೆ ಹಾಕಿ.

ಬೇರೆ ಬೇರೆ ಕಾಲದವರನ್ನು ತೂಗಲು ಒಟ್ಟು ಅಂಕ ಉಪಯೋಗಕ್ಕೆ ಬಾರದು. ಸತತ ಮೂರನೆಯ ಖಾಲಿ (ಅಂಕವಿಲ್ಲದ) ರೈಡ್ ಆದರೆ ಔಟ್ ಎಂಬ ಡೂ ಆರ್ ಡೈ ನಿಯಮ 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಎಲ್ಲರ ಬಾಯಿಗೆ ಬಂದದ್ದು. ಆ ನಿಯಮ ಇಲ್ಲದ ಕೂಟದಲ್ಲಿ ಮುನ್ನಡೆ ಇದ್ದ ತಂಡದ ರೈಡರ್ ಬಾಕ್ ಗೆರೆ (ಪ್ರತಿ ರೈಡಿನಲ್ಲಿ ದಾಟಲೇಬೇಕಾದ ಗೆರೆ) ದಾಟಿ, ಸಮಯ ಕಳೆದು, ಖಾಲಿ ಕೈಯಲ್ಲಿ ಬಂದರೆ ಅದೇ ಒಳ್ಳೆಯ ಆಟ. ಅವನ ಅಂಕ ಕಡಿಮೆ ಇರುವುದು ಸಹಜ. ಆದ್ದರಿಂದ ತಂಡದ ರೈಡ್ ಅಂಕದಲ್ಲಿ ಅವನ ಪಾಲು ಎಷ್ಟು ಎಂದು ನೋಡಿ. ಲೆಕ್ಕ ಹೀಗೆ: ತಂಡ 34 ಅಂಕ ಗಳಿಸಿದೆ ಎನ್ನಿ. ಅದರಲ್ಲಿ ಲೋನಾ 4, ಟ್ಯಾಕಲ್ (ಎದುರಾಳಿ ರೈಡರ್‌ನನ್ನು ಹಿಡಿದದ್ದು) 8 ಕಳೆದರೆ ರೈಡ್ ಅಂಕ 22. ಅವನದ್ದು 10, ಪಾಲು ನೂರಕ್ಕೆ 45. ಇನ್ನೊಂದು ಕಾಲದ ತಂಡ 48 ಅಂಕ ಗಳಿಸಿದೆ, ಲೋನಾ 4, ಟ್ಯಾಕಲ್ 14 ಕಳೆದರೆ 30. ಅಲ್ಲಿನ ರೈಡರ್ 12 ತಂದರೂ ಪಾಲು ನೂರಕ್ಕೆ 40 ಮಾತ್ರ. 10 ತಂದವನು ಮುಂದೆ.

ವೀಡಿಯೊ ಇರುವ ಪಂದ್ಯಗಳಿಗೆ ಇನ್ನೂ ಎರಡು ಅಳತೆ ಸಿಗುತ್ತದೆ. ಒಂದು, ಪ್ರತಿ ರೈಡಿಗೆ ಅಂಕ: 18 ರೈಡಿಗೆ 9 ಎಂದರೆ 0.50, 12 ರೈಡಿಗೆ 8 ಎಂದರೆ 0.67. ಇನ್ನೊಂದು, ಔಟಾಗದೆ ಮರಳಿದ ರೈಡ್ ನೂರಕ್ಕೆ ಎಷ್ಟು. ಮುಖ್ಯ ರೈಡರ್ ಬೆಂಚಿನಲ್ಲಿ ಕುಳಿತ ಹೊತ್ತು ತಂಡಕ್ಕೆ ಎಷ್ಟು ದುಬಾರಿ ಎಂದು ಕಬಡ್ಡಿ ನೋಡುವ ಯಾರಿಗೂ ಹೇಳಬೇಕಾಗಿಲ್ಲ.

ವೀಡಿಯೊ ಎಣಿಸಲು ಇಬ್ಬರು ಕುಳಿತುಕೊಳ್ಳಿ, ಒಬ್ಬರು ನೋಡಿ ಹೇಳುವುದು, ಒಬ್ಬರು ಬರೆಯುವುದು. ಪುರುಷರ ಪಂದ್ಯದಲ್ಲಿ ಎರಡೂ ತಂಡ ಸೇರಿ 80ರ ಆಸುಪಾಸು ರೈಡ್ ಇರುತ್ತದೆ, ನಿಮಗೆ ಬೇಕಾದದ್ದು ಅದರಲ್ಲಿ ಅರ್ಧ. ಪ್ರತಿ ರೈಡಿಗೆ ಒಂದು ಸಾಲು: ಗಡಿಯಾರದ ಸಮಯ, ರೈಡರ್, ಎದುರು ಎಷ್ಟು ಜನ, ಫಲಿತಾಂಶ. ಫಲಿತಾಂಶಕ್ಕೆ ಚಿಕ್ಕ ಗುರುತು ಸಾಕು. ಟಚ್‌ಗೆ "ಟ", ಬೋನಸ್‌ಗೆ "ಬೋ", ಖಾಲಿಗೆ "ಖ", ಸಿಕ್ಕಿಬಿದ್ದರೆ "ಔ". "7 ಜನ, ಬೋ+ಟ2" ಎಂದು ಬರೆದರೆ ಒಂದೇ ರೈಡಿನಲ್ಲಿ 3 ಅಂಕ, ಅಂದರೆ ಸೂಪರ್ ರೈಡ್. ಎದುರು ಎಷ್ಟು ಜನ ಎಂಬ ಕಾಲಂ ಬಿಡಬೇಡಿ. 7 ಜನರ ಚೈನ್ ಒಳಗೆ ಹೋಗಿ ತಂದ ಟಚ್‌ಗೂ ಒಬ್ಬನೇ ಉಳಿದಾಗ ಮುಟ್ಟಿ ಬಂದದ್ದಕ್ಕೂ ಇರುವ ವ್ಯತ್ಯಾಸ ಅದರಲ್ಲೇ ಕಾಣುವುದು. ಕೊನೆಗೆ ನಿಮ್ಮ ಮೊತ್ತವನ್ನು ಬೋರ್ಡಿನ ಅಂಕಕ್ಕೆ ತಾಳೆ ಹಾಕಿ. 1 ಅಂಕ ತಪ್ಪಿದರೆ ಹೆಚ್ಚಾಗಿ ಲೈವ್ ಕ್ಯಾಮೆರಾ ಜಾಹೀರಾತಿಗೆ ಹೋದಾಗ ಆದ ರೈಡ್ ಅದು. 2 ತಪ್ಪಿದರೆ ಲೋನಾ.

ಅಂಕಕ್ಕೆ ಸಿಗದ್ದು

ಪ್ರದೀಪ್ ನರ್ವಾಲ್ ಪ್ರೊ ಕಬಡ್ಡಿಯ ಐದನೇ ಆವೃತ್ತಿಯಲ್ಲಿ 369 ರೈಡ್ ಅಂಕ ತಂದರು, ಹರಿಯಾಣ ಸ್ಟೀಲರ್ಸ್ ಎದುರು ಒಂದೇ ರೈಡಿನಲ್ಲಿ ಲೋನಾ ಸೇರಿ 8. ಅನೂಪ್ ಕುಮಾರ್ ಅಂಕದ ಪಟ್ಟಿಯಲ್ಲಿ ಅವರ ಹತ್ತಿರಕ್ಕೂ ಬರುವುದಿಲ್ಲ, ಆದರೆ 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು, 2016ರ ವಿಶ್ವಕಪ್ ಬಂದದ್ದು ಅವರ ನಾಯಕತ್ವದಲ್ಲಿ. ಆಟದ ವೇಗ ಯಾವಾಗ ಇಳಿಸಬೇಕು ಎಂಬ ಅವರ ಅಂದಾಜು ಯಾವ ಕಾಲಂನಲ್ಲೂ ಕೂರುವುದಿಲ್ಲ. ಅದೇ 2016ರ ಫೈನಲ್‌ನಲ್ಲಿ ಇರಾನ್ ಮುಂದಿದ್ದಾಗ ಅಜಯ್ ಠಾಕೂರ್ ಎದ್ದು ಆಡಿದ್ದು, ಪಂದ್ಯ 38-29ಕ್ಕೆ ನಮ್ಮದಾದದ್ದು ಎಲ್ಲರಿಗೂ ನೆನಪಿದೆ. ಕಾಲೇಜು ತಂಡಗಳಲ್ಲೂ ಈ ಮೂರು ಬಗೆಯವರು ಇರುತ್ತಾರೆ. ಮೂವರಿಗೂ ಜಾಗ ಸಿಗುವ ಹಾಗೆ ಪಟ್ಟಿ ಕಟ್ಟಬೇಕು.

ಅದಕ್ಕೆ ಎದುರಾಳಿಗಳನ್ನು ಕೇಳಿ. ಸಂಗಾತಿಗಳು ಹೊಗಳುತ್ತಾರೆ, ಅದು ಸ್ನೇಹ. ಎದುರು ಕಾರ್ನರ್‌ನಲ್ಲಿ ನಿಂತಿದ್ದವರು ಸುಮ್ಮನೆ ಹೊಗಳುವುದಿಲ್ಲ. ಪ್ರತಿ ಹೆಸರಿಗೆ 3ರಿಂದ 5 ಎದುರಾಳಿ ಹಿಡಿತಗಾರರನ್ನು ಫೋನಿನಲ್ಲಿ ಹಿಡಿಯಿರಿ. "ಅವರು ಹೇಗೆ ಆಡುತ್ತಿದ್ದರು?" ಎಂದು ಕೇಳಿದರೆ "ಭಾರೀ ಚೆಂದ" ಎಂಬ ಉತ್ತರ ಬರುತ್ತದೆ, ಅದನ್ನು ಎಲ್ಲಿ ಬರೆಯುವುದು? "ಅವರು ಬಂದರೆ ನಿಮ್ಮ ತಂಡ ಏನು ಬದಲಾಯಿಸುತ್ತಿತ್ತು?" ಎಂದು ಕೇಳಿ. ಆಗ "ಎಡ ಕಾರ್ನರ್ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದ, ಕಾಲಿಗೆ ಹೋದರೆ ಕಿಕ್ ಬೀಳುತ್ತಿತ್ತು" ಎಂಬಂಥ ಮಾತು ಹೊರಡುತ್ತದೆ. ರೈಡರ್‌ಗಾಗಿ ಇಡೀ ತಂಡ ನಿಲುವು ಬದಲಿಸಿತ್ತು ಎಂದು ಎರಡು ಬೇರೆ ಕಾಲೇಜಿನವರು ಹೇಳಿದರೆ ಅದಕ್ಕೆ ಪೂರ್ಣ ಅಂಕ ಕೊಡಬಹುದು. ಒಬ್ಬರೇ ಹೇಳಿದರೆ ಅರ್ಧ.

ಅಂಪೈರ್‌ಗಳನ್ನೂ ಬಿಡಬೇಡಿ. ದಶಕಗಟ್ಟಲೆ ಸೀಟಿ ಊದಿದವರು ಜಿಲ್ಲೆಯಲ್ಲಿದ್ದಾರೆ, ಅವರಿಗೆ ಯಾವ ಬ್ಯಾಚಿನ ಹಂಗೂ ಇಲ್ಲ.

ತೂಕ ಹಂಚುವುದು, ಮತ ಹಾಕಿಸುವುದು

ನೂರು ಅಂಕದಲ್ಲಿ ದಾಖಲೆಗೆ 50, ಎದುರಾಳಿಗಳ ಮಾತಿಗೆ 20, ವಿ.ವಿ. ತಂಡದ ಆಯ್ಕೆಗೆ 10, ಅಭಿಮಾನಿಗಳ ಮತಕ್ಕೆ 20 ಇಡಿ. ಸ್ಕೋರ್ ಶೀಟ್ 5 ಪಂದ್ಯಕ್ಕಿಂತ ಕಡಿಮೆ ಸಿಕ್ಕ ಹಳಬರಿಗೆ ದಾಖಲೆ 25, ಎದುರಾಳಿಗಳ ಮಾತು 45 ಮಾಡಿ. ಈ ಬದಲಾವಣೆ ಯಾರಿಗೆ ಹಾಕಿದ್ದೀರಿ ಎಂದು ಪಟ್ಟಿಯಲ್ಲೇ ನಕ್ಷತ್ರದ ಗುರುತು ಇರಲಿ. ಮತಕ್ಕೆ 20 ತುಂಬ ಕಡಿಮೆಯಾಯಿತು ಎಂದು ಗುಂಪಿನಲ್ಲಿ ಗಲಾಟೆ ಆಗುತ್ತದೆ. ಜಗ್ಗಬೇಡಿ.

ಮತವನ್ನು "ಒಬ್ಬರನ್ನು ಆರಿಸಿ" ಎಂದು ಕೇಳಬಾರದು. ಪ್ರತಿ ಹೆಸರಿಗೆ 1ರಿಂದ 10ರವರೆಗೆ ಅಂಕ, ಪಕ್ಕದಲ್ಲಿ "ನಾನು ಇವರ ಆಟ ನೋಡಿಲ್ಲ" ಎಂಬ ಆಯ್ಕೆ. ನೋಡಿಲ್ಲ ಎಂದರೆ ಖಾಲಿ, ಸೊನ್ನೆ ಅಲ್ಲ. ಇದೊಂದು ತಪ್ಪಿದರೆ 1980ರ ದಶಕದವರೆಲ್ಲ ತಳಕ್ಕೆ ಹೋಗುತ್ತಾರೆ. ಒಂದು ಹೆಸರಿಗೆ ಕನಿಷ್ಠ 10 ಜನರ ಅಂಕ ಬೇಕು, ಅದರಲ್ಲಿ 3 ಜನ ಅವರ ಬ್ಯಾಚಿನ ಹೊರಗಿನವರಾಗಿರಬೇಕು.

ಎಣಿಸುವಾಗ ಮತದಾರರನ್ನು ದಶಕವಾರು ಗುಂಪು ಮಾಡಿ, ಪ್ರತಿ ಗುಂಪಿನ ಸರಾಸರಿ ತೆಗೆದು, ಆ ಸರಾಸರಿಗಳ ಸರಾಸರಿ ತೆಗೆಯಿರಿ. ಯಾಕೆ ಎಂಬುದಕ್ಕೆ ಒಂದು ಮಾದರಿ ಲೆಕ್ಕ. 2010ರ ದಶಕದ 160 ಮತದಾರರು, 2000ದ 45, 1990ರ 20 ಮಂದಿ ಇದ್ದಾರೆ. ಮೊದಲನೆಯ ಆಟಗಾರನಿಗೆ ಆ ಗುಂಪುಗಳು ಕೊಟ್ಟ ಸರಾಸರಿ ಕ್ರಮವಾಗಿ 9, 3, 2. ಎರಡನೆಯವನಿಗೆ 5, 8, 8. ಎಲ್ಲವನ್ನೂ ಸುಮ್ಮನೆ ಕೂಡಿಸಿದರೆ ಮೊದಲನೆಯವನಿಗೆ 1615, ಎರಡನೆಯವನಿಗೆ 1320. ಗುಂಪಿನ ಸರಾಸರಿ ಹಿಡಿದರೆ ಮೊದಲನೆಯವನಿಗೆ 4.67, ಎರಡನೆಯವನಿಗೆ 7. ಬ್ಯಾಚಿನ ಗಾತ್ರ ಫಲಿತಾಂಶ ತಿರುಗಿಸುವುದು ಹೀಗೆ.

ಗೂಗಲ್ ಫಾರ್ಮ್ ಬಳಸಿದರೆ ಒಬ್ಬರಿಗೆ ಒಂದೇ ಉತ್ತರ ಎಂಬ ಸೆಟ್ಟಿಂಗ್ ಹಾಕಿ, ಪದವಿ ಮುಗಿಸಿದ ವರ್ಷ ಕಡ್ಡಾಯ ಮಾಡಿ. ಫಾರ್ಮ್ ತುಂಬಲು ಬಾರದ ಹಿರಿಯರಿಗೆ ಫೋನ್ ಮಾಡಿ ಅಂಕ ಕೇಳಿ ಬರೆಯಲು ಇಬ್ಬರು ಬೇಕು. ಗಲ್ಫ್‌ನಲ್ಲಿ, ಮುಂಬೈಯಲ್ಲಿ ಇರುವವರು ಶುಕ್ರವಾರ ಇಲ್ಲವೇ ಭಾನುವಾರ ಸಿಗುತ್ತಾರೆ. ಮತ ತೆರೆದಿಡುವ ಅವಧಿಯಲ್ಲಿ ಇಂಥ ಎರಡು ವಾರಾಂತ್ಯವಾದರೂ ಬರಲಿ. ಮಧ್ಯದಲ್ಲಿ ಯಾರು ಮುಂದಿದ್ದಾರೆ ಎಂದು ಮಾತ್ರ ಬಿಟ್ಟುಕೊಡಬೇಡಿ. ಒಂದು ಸ್ಕ್ರೀನ್‌ಶಾಟ್ ಹೊರಬಿದ್ದರೆ ಆ ರಾತ್ರಿಯೇ ಒಂದು ಬ್ಯಾಚು ಪೂರ್ತಿ ಫಾರ್ಮ್‌ಗೆ ಇಳಿಯುತ್ತದೆ.

ಪಟ್ಟಿ ಹೊರಡಿಸುವಾಗ

ಒಂದರಿಂದ ಹತ್ತರವರೆಗೆ ನಂಬರ್ ಹಾಕುವುದಕ್ಕಿಂತ ಒಂದು ತಂಡ ಕಟ್ಟುವುದು ಲೇಸು: ಬಲಬದಿಯ ರೈಡರ್ ಒಬ್ಬ, ಎಡಬದಿಯವ ಒಬ್ಬ, ಕಷ್ಟದ ಹೊತ್ತಿನ ಮೂರನೇ ರೈಡರ್ ಒಬ್ಬ, ಒಬ್ಬ ಸವ್ಯಸಾಚಿ, ಜೊತೆಗೆ ಮೀಸಲು ಆರು ಹೆಸರು. 7ನೇ ಸ್ಥಾನಕ್ಕೂ 8ಕ್ಕೂ ಇರುವ ಅಂತರ ನಿಮ್ಮ ಲೆಕ್ಕದ ತಪ್ಪಿಗಿಂತ ಸಣ್ಣದು, ಅದಕ್ಕೆ ಜಗಳ ಯಾಕೆ. ಮೀಸಲಿನವರನ್ನು ಅಕಾರಾದಿಯಲ್ಲಿ ಹಾಕಿ.

ಮೊದಲು ಕರಡು ಪಟ್ಟಿ, 15 ದಿನ ಆಕ್ಷೇಪಣೆಗೆ. "ಇವರು ಯಾಕಿಲ್ಲ?" ಎಂಬುದು ಆಕ್ಷೇಪಣೆ ಅಲ್ಲ. ಪತ್ರಿಕೆ ತುಣುಕು, ಪ್ರಮಾಣಪತ್ರ, ಸ್ಕೋರ್ ಶೀಟ್ ಇವುಗಳಲ್ಲಿ ಒಂದು ಇದ್ದರೆ ಮಾತ್ರ ತೆಗೆದುಕೊಳ್ಳಿ. ಹಾಗೆ ಬಂದದ್ದರಲ್ಲಿ ಒಂದೆರಡು ನಿಜಕ್ಕೂ ಲೆಕ್ಕ ಬದಲಿಸುತ್ತವೆ, ಯಾರದೋ ಅಟ್ಟದ ಟ್ರಂಕಿನಲ್ಲಿದ್ದ ಕಾಗದ ಹೊರಬರುವುದು ಈ 15 ದಿನಗಳಲ್ಲೇ. ತೀರಿಹೋದ ಆಟಗಾರರಿದ್ದರೆ ಪ್ರಕಟಿಸುವ ಮೊದಲು ಮನೆಯವರಿಗೆ ತಿಳಿಸಿ, ಫೋಟೊ ಅವರಿಂದಲೇ ಕೇಳಿ ಪಡೆಯಿರಿ.

ಅಂತಿಮ ಶೀಟು, ಮೂಲ ಕಾಗದಗಳ ಫೋಟೊ, ಫೋನಿನಲ್ಲಿ ಕೇಳಿ ಬರೆದ ಟಿಪ್ಪಣಿ ಎಲ್ಲ ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿ ದೈಹಿಕ ಶಿಕ್ಷಣ ವಿಭಾಗಕ್ಕೆ, ಮುದ್ರಿಸಿದ ಪ್ರತಿ ಗ್ರಂಥಾಲಯಕ್ಕೆ ಕೊಡಿ. ಫೈಲಿನ ಹೆಸರು "1992-93, ಸೆಮಿಫೈನಲ್, ಎದುರಾಳಿ ಕಾಲೇಜು" ಎಂಬ ಕ್ರಮದಲ್ಲಿ ಇರಲಿ. "ವಾಟ್ಸಾಪ್ ಇಮೇಜ್ 0047" ಎಂದು ಬಿಟ್ಟರೆ ಮುಂದಿನ ಸಮಿತಿಯವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.